ನಮ್ಮ ಕುಣಿತದ ಸುತ್ತಿನಲ್ಲಿ ಆ ಮಕ್ಕಳಿಗೂ ಸ್ಥಳವಿರಲಿ

(ಅನ್ನೂರಿನಲ್ಲಿ ತೋಟದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಲೈನ್ ಮನೆಯ ಸೋರುವ ಸೂರು, ಇಂಥ ವಿಷಯ ಕೇಳಬೇಕೆಂದು ಬಂದವರಿಗೆ ಇಂದಿನ ವಿಷಯ ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ಅಪರೂಪದ ಕಾಯಿಲೆಯಿರುವ ಮಕ್ಕಳಿಗಾಗಿ ಒಂದು ಕುಣಿತದ ತಂಡವನ್ನು ನಾವೇ ಕಟ್ಟಬೇಕು ಎಂಬುದು ನನ್ನ ಮಾತಿನ ಸಾರ. "ನಡೆಯಲಾರದ ಮಗುವಿಗೆ ಕುಣಿತ ಯಾಕೆ?" ಎಂದು ಕೇಳುವವರು ಇಲ್ಲಿಯೂ ಇದ್ದಾರು. ಅದು ಸರಿಯಾದ ಪ್ರಶ್ನೆಯೇ. ಅದಕ್ಕೆ ಉತ್ತರ ಕೊಡುವುದಕ್ಕಾಗಿಯೇ ನಿಮ್ಮ ಮುಂದೆ ನಿಂತಿದ್ದೇನೆ.

ಮೊದಲು ಅಪರೂಪದ ಕಾಯಿಲೆ ಎಂದರೇನು ಎಂಬುದನ್ನು ತಿಳಿದುಕೊಳ್ಳೋಣ. ಸಾವಿರ ಜನರಲ್ಲಿ ಒಬ್ಬರಿಗೋ ಅದಕ್ಕಿಂತ ಕಡಿಮೆ ಜನಕ್ಕೋ ಬರುವ ಕಾಯಿಲೆಯನ್ನು ಹಾಗೆ ಕರೆಯುವುದು ವಿಶ್ವ ಆರೋಗ್ಯ ಸಂಸ್ಥೆಯ ರೂಢಿ. ಇಂಥ ಕಾಯಿಲೆಗಳು ಜಗತ್ತಿನಲ್ಲಿ ಸುಮಾರು 7,000 ಇವೆ. ಅವುಗಳಲ್ಲಿ ಹೆಚ್ಚಿನವು ಹುಟ್ಟಿನಿಂದಲೇ ರಕ್ತದಲ್ಲಿ, ವಂಶದಲ್ಲಿ ಬರುವಂಥವು. ಹೆಚ್ಚಿನವು ಕಾಣಿಸಿಕೊಳ್ಳುವುದೂ ಮಕ್ಕಳಲ್ಲಿಯೇ. ಒಂದೊಂದನ್ನೇ ಎಣಿಸಿದರೆ ಕೆಲವೇ ಜನ. ಎಲ್ಲವನ್ನೂ ಕೂಡಿಸಿದರೆ ದೊಡ್ಡ ಜನಸಮೂಹ.

ಆದರೆ ಆ ಜನಸಮೂಹ ಒಟ್ಟಿಗೆ ಇರುವುದಿಲ್ಲವಲ್ಲ! ಒಂದು ಲೆಕ್ಕ ನೋಡಿ. ಡುಶೆನ್ ಸ್ನಾಯುಕ್ಷಯ ಎಂಬ ಕಾಯಿಲೆ ಸುಮಾರು ಐದು ಸಾವಿರ ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುತ್ತದೆ. ಇನ್ನೂರು ಮನೆಗಳ ತೋಟದಲ್ಲಿ ಅಂಥ ಹುಡುಗ ಒಬ್ಬನಿದ್ದರೆ ಎರಡನೆಯವನು ಇರುವುದು ಅಪರೂಪ. ತನ್ನಂಥ ಇನ್ನೊಂದು ಮಗುವನ್ನು ಅವನು ಕಂಡೇ ಇರುವುದಿಲ್ಲ. ಅವನ ತಾಯಿ ತನ್ನಂಥ ಇನ್ನೊಬ್ಬ ತಾಯಿಯೊಡನೆ ಮಾತಾಡಿರುವುದಿಲ್ಲ. ಮೈಯ ನೋವು ಒಂದು ಕಡೆಯಾದರೆ ಈ ಒಂಟಿತನ ಇನ್ನೊಂದು ಕಡೆ. ಮೈಯ ನೋವಿಗೆ ವೈದ್ಯರಿದ್ದಾರೆ. ಒಂಟಿತನಕ್ಕೆ ಔಷಧಿ ಕೊಡಬೇಕಾದವರು ನಾವು.

ಇದು ದೊಡ್ಡ ಊರಿನವರ, ಹಣವಂತರ ಮನೆಯ ವಿಷಯ ಎಂದು ಎಣಿಸಬೇಡಿ. ದುಡಿಯುವ ಜನರ ಕಥೆಯಲ್ಲಿ ಇದು ಹಿಂದಿನಿಂದಲೂ ಇದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಹಂದಿಗೋಡು ಎಂಬ ಹಳ್ಳಿ ಇದೆ. 1970ರ ದಶಕದಲ್ಲಿ ಅಲ್ಲಿನ ಕೂಲಿಕಾರ ಕುಟುಂಬಗಳಲ್ಲಿ, ಚನ್ನಂಗಿ ಮತ್ತು ಛಲವಾದಿ ಜನರಲ್ಲಿ, ಸೊಂಟ ಮತ್ತು ಮೊಣಕಾಲಿನ ಕೀಲುಗಳು ಸವೆದು ನಡೆಯಲಾರದಂತೆ ಮಾಡುವ ಒಂದು ರೋಗ ಹೊರಜಗತ್ತಿನ ಗಮನಕ್ಕೆ ಬಂತು. ಗದ್ದೆಯ ಏಡಿ ತಿಂದದ್ದರಿಂದ, ಅದರಲ್ಲಿ ಸೇರಿದ ಕೀಟನಾಶಕದಿಂದ ಬಂತು ಎಂದು ಮೊದಲು ಶಂಕಿಸಿದರು. ಮುಂದೆ ನಡೆದ ಅಧ್ಯಯನಗಳಲ್ಲಿ ಅದು ವಂಶಪಾರಂಪರ್ಯವಾಗಿ ಬರುವ ರೋಗ ಎಂದು ಕಂಡುಬಂತು. ಇಂದು ವೈದ್ಯಗ್ರಂಥಗಳಲ್ಲಿ ಆ ರೋಗಕ್ಕೆ ಆ ಹಳ್ಳಿಯ ಹೆಸರೇ ಇದೆ. ಕನ್ನಡ ನಾಡಿನ ಒಂದು ಹಳ್ಳಿಯ ಹೆಸರು ಜಗತ್ತಿಗೆ ತಿಳಿದದ್ದು ಕೂಲಿಯವರ ಮಕ್ಕಳ ನೋವಿನಿಂದ!

ನಮ್ಮ ಮೇಲಿನ ಬೆಟ್ಟವನ್ನೇ ನೋಡಿ. ಭಾರತದಲ್ಲಿ ಸಿಕಲ್ ಸೆಲ್ ಎಂಬ ರಕ್ತದೋಷವನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಅದೇ ವರ್ಷ ಅಸ್ಸಾಮಿನ ಟೀ ತೋಟದ ಕಾರ್ಮಿಕರಲ್ಲಿಯೂ ಅದು ಇದೆಯೆಂದು ವರದಿಯಾಯಿತು. ಕೆಲವು ಸಮುದಾಯಗಳಲ್ಲಿ ಅದು ಅಪರೂಪವೂ ಅಲ್ಲ. ರಕ್ತದ ಕಣ ದುಂಡಗಿರುವ ಬದಲು ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, ತಡೆಯಲಾರದ ನೋವು ಕೊಡುತ್ತದೆ. ಇದನ್ನು 2047ರ ಹೊತ್ತಿಗೆ ನಿವಾರಿಸಬೇಕೆಂದು ಕೇಂದ್ರ ಸರ್ಕಾರ 2023ರ ಜುಲೈ 1ರಂದು ಒಂದು ರಾಷ್ಟ್ರೀಯ ಕಾರ್ಯಕ್ರಮವನ್ನೇ ಪ್ರಾರಂಭಿಸಿತು.

ಇನ್ನು ತಾಯಂದಿರ ಮೇಲೆ ಹೊರಿಸುವ ಅಪವಾದದ ವಿಷಯ. ಡುಶೆನ್ ರೋಗವಿರುವ ಹುಡುಗ ಹುಟ್ಟುವಾಗ ಎಲ್ಲ ಮಕ್ಕಳಂತೆಯೇ ಇರುತ್ತಾನೆ. ಮೂರು ನಾಲ್ಕು ವರ್ಷವಾಗುವಾಗ ಪದೇ ಪದೇ ಬೀಳುತ್ತಾನೆ. ಕಾಲಿನ ಮೀನಖಂಡ ಉಬ್ಬಿ ದಪ್ಪವಾಗಿ ಕಾಣುತ್ತದೆ. ನೋಡಿದವರು "ಮಗು ಗಟ್ಟಿಮುಟ್ಟಾಗಿದೆ" ಎನ್ನುತ್ತಾರೆ. ನೆಲದಿಂದ ಏಳುವಾಗ ಕೈಗಳನ್ನು ತನ್ನ ತೊಡೆಗೇ ಊರಿ, ತನ್ನ ಮೈಯನ್ನೇ ಹತ್ತುವವನಂತೆ ಏಳುತ್ತಾನೆ. ಸ್ನಾಯುವನ್ನು ಕಾಯುವ ಡಿಸ್ಟ್ರೋಫಿನ್ ಎಂಬ ವಸ್ತು ಅವನ ಮೈಯಲ್ಲಿ ತಯಾರಾಗುವುದಿಲ್ಲ. ಆದುದರಿಂದ ಸ್ನಾಯುಗಳು ಸ್ವಲ್ಪ ಸ್ವಲ್ಪವಾಗಿ ಸವೆಯುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ಹತ್ತು ಹನ್ನೆರಡು ವರ್ಷದ ಹೊತ್ತಿಗೆ ನಡಿಗೆ ನಿಲ್ಲುತ್ತದೆ.

ಈ ದೋಷ ಬಹುಮಟ್ಟಿಗೆ ತಾಯಿಯ ಮೂಲಕ ಬರುತ್ತದೆ ಎಂದು ವೈದ್ಯರು ಹೇಳಿದ ಕೂಡಲೆ ಅತ್ತೆಯ ಮನೆಯಲ್ಲಿ ಕೋರ್ಟು ಕೂಡುತ್ತದೆ! "ನಿನ್ನಿಂದಲೇ ಬಂತು" ಎಂಬ ತೀರ್ಪೂ ಆಗುತ್ತದೆ. ತಿಳಿದುಕೊಳ್ಳಿ: ಸುಮಾರು ಮೂರರಲ್ಲಿ ಒಂದು ಪಾಲು ಹುಡುಗರಲ್ಲಿ ತಾಯಿಯ ರಕ್ತದಲ್ಲಿ ಆ ದೋಷ ಇರುವುದೇ ಇಲ್ಲ; ಅದು ಮಗುವಿನಲ್ಲಿಯೇ ಹೊಸದಾಗಿ ಉಂಟಾದದ್ದು. ಉಳಿದವರಲ್ಲಿಯೂ ತಾಯಿಗೆ ತಿಳಿಯದೆ ಬಂದದ್ದು ಆಕೆಯ ತಪ್ಪು ಹೇಗಾದೀತು? ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪವೆಂದು ಶಿಷ್ಯರು ವಿಚಾರಿಸಿದ ಸಂಗತಿ ನಿಮಗೆಲ್ಲ ಗೊತ್ತಿದೆ. ಆ ವಿಚಾರಣೆಯನ್ನು ಯೇಸುಸ್ವಾಮಿಯೇ ತಳ್ಳಿಹಾಕಿದ ಮೇಲೆ ನಮ್ಮ ಲೈನುಗಳಲ್ಲಿ ಅದನ್ನು ಮತ್ತೆ ನಡೆಸುವ ಅಧಿಕಾರ ಯಾರಿಗೂ ಇಲ್ಲ.

ಈಗ ಕುಣಿತಕ್ಕೆ ಬರುತ್ತೇನೆ. ನಾವಿರುವ ಈ ಕೊಂಗು ಸೀಮೆ ಕುಮ್ಮಿಯ ಸೀಮೆ. ಇಲ್ಲಿನ ನೇಕಾರರ ಬೀದಿಗಳಲ್ಲಿಯೂ ಒಕ್ಕಲಿಗರ ಊರುಗಳಲ್ಲಿಯೂ ಮನೆಯೊಳಗೆ ಕನ್ನಡ, ಹೊರಗೆ ತಮಿಳು. ಆದರೆ ಚಪ್ಪಾಳೆಗೆ ಭಾಷೆ ಬೇಕಾಗಿಲ್ಲ. ವಳ್ಳಿ ಕುಮ್ಮಿಯನ್ನು ನೀವು ನೋಡಿದ್ದೀರಿ: ನೂರಾರು ಜನ ಸುತ್ತುಗಟ್ಟಿ, ಹಾಡಿಗೆ ಹೆಜ್ಜೆ ಹಾಕಿ, ಬಾಗಿ, ತಿರುಗಿ, ಒಟ್ಟಿಗೆ ಚಪ್ಪಾಳೆ ತಟ್ಟುತ್ತಾರೆ. ಮೇಟ್ಟುಪಾಳಯಂ ಕಡೆಯ ವಳ್ಳಿ ಒಯಿಲ್ ಕುಮ್ಮಿಯ ಗುರು ಭದ್ರಪ್ಪನ್ ಅವರಿಗೆ 2024ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು. ಆಗ ಅವರಿಗೆ 87 ವರ್ಷ. ಅವರನ್ನು ಹೊಗಳುವಾಗ ಎಲ್ಲರೂ ಎತ್ತಿ ಹೇಳಿದ ಒಂದು ಮಾತಿದೆ: ಗಂಡಸರೇ ಆಡುತ್ತಿದ್ದ ಆ ಕುಣಿತವನ್ನು ಅವರು ಹೆಂಗಸರಿಗೂ ಕಲಿಸಿದರು. ಹೊಸಬರಿಗೆ ಸ್ಥಳ ಬಿಟ್ಟದ್ದರಿಂದ ಕುಣಿತ ಕೆಡಲಿಲ್ಲ, ಅದು ಬೆಳೆಯಿತು. ಒಮ್ಮೆ ಹಾಗೆ ಅಗಲವಾದ ಸುತ್ತು ಇನ್ನೊಮ್ಮೆ ಅಗಲವಾಗಬಾರದೇ?

ಬೆಟ್ಟದ ಮೇಲೆ ಬಡಗರು ಹಬ್ಬದಲ್ಲಿ ಸುತ್ತುಗಟ್ಟಿ ಆಡುತ್ತಾರೆ. ಚಾಮರಾಜನಗರ, ಕೊಳ್ಳೇಗಾಲದ ಕಡೆಯಿಂದ ತೋಟಕ್ಕೆ ಬಂದ ನಮ್ಮ ಹಿರಿಯರು ಕೋಲಾಟ ತಂದರು. ಇವೆಲ್ಲದರಲ್ಲಿ ಒಂದು ಗುಣ ಸಮಾನವಾಗಿದೆ. ಸುತ್ತಿನಲ್ಲಿ ಮುಂದಿನ ಸಾಲು, ಹಿಂದಿನ ಸಾಲು ಎಂಬುದಿಲ್ಲ. ಎಲ್ಲರ ಮುಖ ಎಲ್ಲರಿಗೂ ಕಾಣುತ್ತದೆ. ಒಬ್ಬ ಹೆಜ್ಜೆ ತಪ್ಪಿದರೂ ಪಕ್ಕದವನ ಚಪ್ಪಾಳೆ ಅವನನ್ನು ತಿರುಗಿ ತಾಳಕ್ಕೆ ತರುತ್ತದೆ. ಅಪರೂಪದ ಕಾಯಿಲೆಯ ಮಗುವಿಗೆ ಬೇಕಾದದ್ದು ಇದೇ.

ಗಾಲಿಕುರ್ಚಿಯಲ್ಲಿ ಕುಣಿಯಲಾಗುತ್ತದೆಯೇ ಎಂದು ಕೇಳಿದರೆ, ಆಗುತ್ತದೆ ಎಂದು ಜಗತ್ತು ಆಗಲೇ ತೋರಿಸಿದೆ. ಕರ್ನಾಟಕದ ನೃತ್ಯಗುರು ಸೈಯದ್ ಸಲ್ಲಾವುದ್ದೀನ್ ಪಾಷಾ ಅವರು ಎಬಿಲಿಟಿ ಅನ್‌ಲಿಮಿಟೆಡ್ ಎಂಬ ತಂಡ ಕಟ್ಟಿ, ಗಾಲಿಕುರ್ಚಿಯ ಮೇಲೆ ಭರತನಾಟ್ಯವನ್ನೂ ರಾಮಾಯಣವನ್ನೂ ರಂಗಕ್ಕೆ ತಂದರು. ಕಿವಿ ಕೇಳದವರೂ ಅವರ ತಂಡದಲ್ಲಿ ತಾಳ ತಪ್ಪದೆ ಕುಣಿದರು. ಇಂಗ್ಲೆಂಡಿನಲ್ಲಿ ಸೆಲೆಸ್ಟ್ ಡ್ಯಾಂಡೇಕರ್ ಎಂಬ ನರ್ತಕಿ 1973ರಲ್ಲಿ ರಂಗದ ಮೇಲೆಯೇ ಬಿದ್ದು ನಡಿಗೆ ಕಳೆದುಕೊಂಡರು. 1991ರಲ್ಲಿ ಅವರೇ ಮುಂದೆ ನಿಂತು ಕ್ಯಾಂಡೋಕೋ ಎಂಬ ತಂಡವನ್ನು ಸ್ಥಾಪಿಸಿದರು. ಅದರಲ್ಲಿ ಅಂಗವಿಕಲರೂ ಇತರರೂ ಒಟ್ಟಿಗೆ ಕುಣಿಯುತ್ತಾರೆ.

ಇವು ದೊಡ್ಡ ಕೆಲಸಗಳು, ವಂದನೆಗೆ ಯೋಗ್ಯವಾದವು. ಆದರೆ ನಮಗೆ ರಂಗ ಬೇಡ, ಅಂಗಳ ಸಾಕು. ರಂಗಕ್ಕೆ ಚೆನ್ನಾಗಿ ಕುಣಿಯುವವರನ್ನು ಆರಿಸಬೇಕಾಗುತ್ತದೆ. ಸುತ್ತಿನಲ್ಲಿ ಆರಿಸುವಿಕೆ ಇಲ್ಲ. ಬಂದ ಮಗುವೆಲ್ಲ ಸುತ್ತಿನ ಮಗುವೇ.

ಆದರೂ ಪ್ರೀತಿಯೊಂದೇ ಸಾಲದು, ತಿಳಿವಳಿಕೆಯೂ ಬೇಕು. ಪ್ರತಿಯೊಂದು ಮಗುವಿನ ವಿಷಯದಲ್ಲಿ ಅದರ ವೈದ್ಯರನ್ನು ಕೇಳಿದ ಮೇಲೆಯೇ ಪ್ರಾರಂಭಿಸಬೇಕು. ಮುಖ್ಯವಾದ ಕೆಲವು ಎಚ್ಚರಿಕೆಗಳನ್ನು ಹೇಳುತ್ತೇನೆ.

ಮೊದಲನೆಯದಾಗಿ, ಡುಶೆನ್ ಹುಡುಗರು. ಅವರಿಗೆ ಮೃದುವಾದ ಚಲನೆ ಒಳ್ಳೆಯದು. ಹಾರುವುದು, ಕುಕ್ಕರುಗಾಲಿನಲ್ಲಿ ಕುಳಿತು ಕುಳಿತು ಏಳುವುದು ಕೂಡದು. ನಮ್ಮ ತೋಟದ ಇಳಿಜಾರು ದಾರಿಯಲ್ಲಿ ಇಳಿಯುವುದು ಕೂಡ ಅವರ ಸ್ನಾಯುವಿಗೆ ಹತ್ತುವುದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಆದುದರಿಂದ ಕುಣಿತದ ಸ್ಥಳಕ್ಕೆ ಅವರನ್ನು ಎತ್ತಿಕೊಂಡೋ ಗಾಡಿಯಲ್ಲೋ ಕರೆತನ್ನಿ. ದಣಿದೆನೆಂದರೆ ಅಲ್ಲಿಗೇ ನಿಲ್ಲಿಸಿ. ಕುಣಿದ ಮೇಲೆ ಮೈ ನೋವು ಬಂದರೆ, ಮೂತ್ರ ಕಪ್ಪುಗಂದು ಬಣ್ಣಕ್ಕೆ ತಿರುಗಿದರೆ, ಕೂಡಲೆ ವೈದ್ಯರಿಗೆ ತಿಳಿಸಿ. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುವ ಮಗು ಅದನ್ನು ಇದ್ದಕ್ಕಿದ್ದಂತೆ ಬಿಡಬಾರದು. ಹಬ್ಬವಿರಲಿ, ಪ್ರಯಾಣವಿರಲಿ, ಮಾತ್ರೆ ಜೊತೆಗಿರಲಿ.

ಎರಡನೆಯದಾಗಿ, ಹಿಮೋಫಿಲಿಯಾ. ಈ ಮಕ್ಕಳಿಗೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಅವರಿರುವ ಕಡೆ ಕೋಲಾಟದ ಕೋಲು ಬೇಡ, ಅಂಗೈ ಸಾಕು. ಮೊಣಕಾಲು ಊದಿದ್ದರೆ ಅಂದು ಕುಳಿತು ಹಾಡಲಿ. ನೋವೆಂದು ಆಸ್ಪಿರಿನ್ ಮಾತ್ರೆ ಕೊಡಲೇಬಾರದು.

ಮೂರನೆಯದಾಗಿ, ಮೂಳೆ ಸುಲಭವಾಗಿ ಮುರಿಯುವ ಮಕ್ಕಳು. ಇವರನ್ನು ಕೈ ಹಿಡಿದು ಎಳೆಯಬಾರದು, ಕಂಕುಳಿಗೆ ಕೈಹಾಕಿ ಎತ್ತಬಾರದು. ಮಗು ತಾನಾಗಿ ಆಡಿಸುವಷ್ಟು ಆಡಿಸಲಿ. ಪಕ್ಕದವರು ಒಂದು ಮೊಳ ದೂರವಿರಲಿ.

ನಾಲ್ಕನೆಯದಾಗಿ, ಸಿಕಲ್ ಸೆಲ್. ಚಳಿ, ಬಾಯಾರಿಕೆ, ಅತಿಯಾದ ದಣಿವು ಈ ಮೂರೂ ನೋವನ್ನು ಕರೆತರುತ್ತವೆ. ಆದುದರಿಂದ ಮಂಜು ಬೀಳುವ ಹೊತ್ತಿನಲ್ಲಿ ಕುಣಿತ ಬೇಡ. ಸ್ವೆಟರ್ ಇರಲಿ, ಹಾಡಿಗೊಮ್ಮೆ ನೀರು ಕುಡಿಸಿ.

ಇಷ್ಟು ಹೇಳಿದ ಮೇಲೆ ಮೊದಲಿನ ಪ್ರಶ್ನೆಗೆ ಬರುತ್ತೇನೆ. "ಕಾಲು ಹೋಗುವುದು ಖಂಡಿತವೆಂದ ಮೇಲೆ ಆ ಹುಡುಗನಿಗೆ ಕುಣಿತ ಕಲಿಸಿ ಆಸೆ ಹುಟ್ಟಿಸುವುದು ಕ್ರೂರವಲ್ಲವೇ?"

ಏಳು ವರ್ಷದ ಒಬ್ಬ ಹುಡುಗನನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ಈಗ ಅವನು ನಿಂತು, ಸ್ವಲ್ಪ ತೂಗಾಡಿಕೊಂಡು ಹೆಜ್ಜೆ ಹಾಕುತ್ತಾನೆ. ಆಗ ಸುತ್ತು ನಿಧಾನವಾಗಿ ತಿರುಗಲಿ. ಹನ್ನೊಂದು ವರ್ಷಕ್ಕೆ ಅವನು ಗಾಲಿಕುರ್ಚಿಗೆ ಬರುತ್ತಾನೆ. ಆಗ ಸುತ್ತಿನವರಲ್ಲಿ ಅರ್ಧ ಜನ ಬೆಂಚಿನ ಮೇಲೆ ಕುಳಿತು ಆಡಲಿ, ಎಲ್ಲರ ಕೈಗಳೂ ಒಂದೇ ಎತ್ತರದಲ್ಲಿ ಚಪ್ಪಾಳೆ ತಟ್ಟಲಿ. ಇನ್ನು ಕೆಲವು ವರ್ಷಕ್ಕೆ ತೋಳು ಮೇಲೆ ಏಳುವುದಿಲ್ಲ. ಆಗ ಬೆರಳಿನಿಂದ ಹಲಗೆಯ ಮೇಲೆ ತಾಳ ಹಾಕಲಿ. ಆ ತಾಳಕ್ಕೆ ಉಳಿದವರೆಲ್ಲ ಹೆಜ್ಜೆ ಹಾಕಲಿ. ಅದೂ ಆಗದ ದಿನ ಅವನು ಹಾಡನ್ನು ಆರಿಸಲಿ, ಸೊಲ್ಲೆತ್ತಿ ಕೊಡಲಿ. ಮಗುವಿನ ಶಕ್ತಿ ಕಡಿಮೆಯಾದಂತೆ ಕುಣಿತ ಬದಲಾಗಬೇಕು. ಮಗು ಸುತ್ತಿನಿಂದ ಹೊರಗೆ ಹೋಗಬಾರದು. ನಮ್ಮ ತಂಡಕ್ಕೆ ಕಾನೂನು ಎಂಬುದಿದ್ದರೆ ಇದೊಂದೇ.

ಶಾಲೆಯಲ್ಲಿ ಮೆಟ್ಟಿಲು ಅವನನ್ನು ಹೊರಗಿಡುತ್ತದೆ. ಬಸ್ಸಿನಲ್ಲಿ ಎತ್ತರದ ಪಾವಟಿಗೆ ಅವನನ್ನು ಕೆಳಗೇ ಬಿಡುತ್ತದೆ. ಆಟದ ಬಯಲಿನಲ್ಲಿ ಗೆಳೆಯರು ಓಡಿಹೋಗುತ್ತಾರೆ. ಒಂದು ಕಡೆಯಾದರೂ, ತನಗಾಗಿ ಎಲ್ಲರೂ ತಮ್ಮ ಹೆಜ್ಜೆಯನ್ನು ಬದಲಾಯಿಸಿಕೊಂಡರು ಎಂಬುದನ್ನು ಆ ಮಗು ಕಾಣಬೇಕು. ಕ್ರೂರವಾದದ್ದು ಯಾವುದು? ಕಲಿಸಿ ಜೊತೆಗಿರುವುದೋ, ಕಲಿಸದೆ ಬಾಗಿಲು ಹಾಕುವುದೋ?

ಇನ್ನೂ ಕಷ್ಟದ ಮಾತೊಂದನ್ನು ಹೇಳಬೇಕು. ಈ ಮಕ್ಕಳಲ್ಲಿ ಕೆಲವರು ಬೇಗ ನಮ್ಮನ್ನು ಅಗಲುತ್ತಾರೆ. ಉಸಿರಾಟಕ್ಕೂ ಹೃದಯಕ್ಕೂ ಒಳ್ಳೆಯ ಚಿಕಿತ್ಸೆ ಸಿಕ್ಕಿದರೆ ಡುಶೆನ್ ಇರುವವರು ಇಂದು ಮೂವತ್ತರ ಆಚೆಗೂ ಬದುಕುವುದುಂಟು. ಆದರೂ ಒಂದು ದಿನ ಸುತ್ತಿನಲ್ಲಿ ಒಂದು ಸ್ಥಳ ಖಾಲಿಯಾದೀತು. ಅಂದು ಕುಣಿತ ನಿಲ್ಲಿಸಿ ಎಲ್ಲರೂ ಕುಳಿತು, ಆ ಮಗುವಿಗೆ ಇಷ್ಟವಾದ ಹಾಡನ್ನು ಹಾಡೋಣ. ಆ ತಾಯಿಯನ್ನು ಮುಂದಿನ ತಿಂಗಳೂ ಕರೆಯೋಣ. ಮಗು ಹೋದ ಮೇಲೆ ತಾಯಿಯನ್ನು ಕರೆಯುವವರಿಲ್ಲದೆ ಹೋಗುವುದು ಎರಡನೆಯ ಮರಣ.

ಇದನ್ನೆಲ್ಲ ನಡೆಸುವುದು ಹೇಗೆ? ಅನ್ನೂರು ಇದಕ್ಕೆ ತಕ್ಕ ಊರು. ಕೊಯಮತ್ತೂರು–ಸತ್ಯಮಂಗಲ ರಸ್ತೆಯೂ ಮೇಟ್ಟುಪಾಳಯಂ–ಅವಿನಾಶಿ ರಸ್ತೆಯೂ ಸೇರುವುದು ಇಲ್ಲಿಯೇ. ಬೆಟ್ಟದಿಂದ ಇಳಿಯುವವರಿಗೂ ಬಯಲಿನವರಿಗೂ ಬಸ್ಸು ಸಿಗುತ್ತದೆ. ಒಂದೊಂದು ತೋಟದಲ್ಲಿ ಒಂದೊಂದೇ ಮಗು ಇರುವಾಗ, ನಾಲ್ಕು ದಾರಿ ಕೂಡುವ ಕಡೆಯಲ್ಲಿಯೇ ಆ ಮಕ್ಕಳು ಕೂಡಬೇಕು. ತಿಂಗಳಿಗೊಮ್ಮೆ ಇಲ್ಲಿ ದೊಡ್ಡ ಸುತ್ತು. ವಾರಕ್ಕೊಮ್ಮೆ ಅವರವರ ಲೈನಿನ ಅಂಗಳದಲ್ಲಿ ಅಣ್ಣತಂಗಿಯರೂ ನೆರೆಮನೆಯ ಮಕ್ಕಳೂ ಸೇರಿದ ಚಿಕ್ಕ ಸುತ್ತು.

ದಿನ ಭಾನುವಾರವೇ ಇರಲಿ. ಹಾಜರಿ ತಪ್ಪಿದರೆ ಕೂಲಿ ತಪ್ಪುವ ತಾಯಿಗೆ ಕೆಲಸದ ದಿನ ಕರೆಯುವುದು ಧರ್ಮವಲ್ಲ. ಬಸ್ಸಿನ ಖರ್ಚನ್ನು ಲೈನಿನವರು ಹಂಚಿಕೊಳ್ಳಲಿ. ಮದುವೆಗೂ ಸಾವಿಗೂ ನಾವು ಕೈಗೂಡಿಸುವುದಿಲ್ಲವೇ, ಹಾಗೆಯೇ. ಕುರ್ಚಿಯನ್ನು ಬಸ್ಸಿಗೆ ಏರಿಸುವ ಕೆಲಸ ಯುವಕರದು. ಹಾಡು ಅವರವರ ಮನೆಯದು. ಯಾವ ಮತದವರ ಮಗುವಾದರೂ ಬರಲಿ. ಈ ಮಕ್ಕಳನ್ನು ತೋರಿಸಿ ಹಣ ಎತ್ತಬಾರದು. ತಾಯಿತಂದೆಯರನ್ನೂ ಮಗುವನ್ನೂ ಕೇಳದೆ ಫೋಟೋ ತೆಗೆಯಬಾರದು. "ಅಯ್ಯೋ ಪಾಪ" ಎಂಬ ಮಾತನ್ನು ಅಂಗಳದ ಹೊರಗೆ ಬಿಟ್ಟು ಬನ್ನಿ.

ಮಕ್ಕಳು ಕುಣಿಯುವ ಹೊತ್ತಿನಲ್ಲಿ ದೊಡ್ಡವರು ಕಾಗದಪತ್ರ ನೋಡಲಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಸ್ನಾಯುಕ್ಷಯ, ಹಿಮೋಫಿಲಿಯಾ, ಸಿಕಲ್ ಸೆಲ್ ಮೂರೂ ಅದರಲ್ಲಿ ಸೇರಿವೆ. ಗುರುತಿನ ಚೀಟಿ ಮಾಡಿಸುವುದು ಮೊದಲ ಕೆಲಸ. ತಮಿಳುನಾಡು ಸರ್ಕಾರ ಸ್ನಾಯುಕ್ಷಯದವರಿಗೆ ಮಾಸಾಶನ ಕೊಡುತ್ತದೆ, ಕೇಳಿ ಪಡೆಯಿರಿ. ಕೊಯಮತ್ತೂರಿನಲ್ಲಿಯೇ ಡುಶೆನ್ ರೋಗದ ಕುಟುಂಬಗಳಿಗಾಗಿ ದುಡಿಯುವ ಎಂ.ಡಿ.ಸಿ.ಆರ್.ಸಿ. ಎಂಬ ಕೇಂದ್ರವಿದೆ, ವಂಶದ ಪರೀಕ್ಷೆಯೂ ತಾಯಂದಿರಿಗೆ ಸಲಹೆಯೂ ಅಲ್ಲಿ ಸಿಗುತ್ತವೆ. 2021ರ ರಾಷ್ಟ್ರೀಯ ಅಪರೂಪ ಕಾಯಿಲೆಗಳ ನೀತಿಯ ಪ್ರಕಾರ, ಪಟ್ಟಿಯಲ್ಲಿರುವ ಕಾಯಿಲೆಗಳ ಚಿಕಿತ್ಸೆಗೆ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಒಬ್ಬರಿಗೆ 50 ಲಕ್ಷ ರೂಪಾಯಿವರೆಗೆ ಸಹಾಯವುಂಟು. ಚೆನ್ನೈನ ಎಗ್ಮೋರ್ ಮಕ್ಕಳ ಆಸ್ಪತ್ರೆ, ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರ ಅಂಥವು. ಇದನ್ನೆಲ್ಲ ಒಬ್ಬಳೇ ತಾಯಿ ಒಂದು ದಿನದ ಕೂಲಿ ಕಳೆದುಕೊಂಡು ತಿಳಿಯಲಾರಳು. ಹತ್ತು ತಾಯಂದಿರು ಒಂದು ಅಂಗಳದಲ್ಲಿ ಕುಳಿತರೆ ಒಬ್ಬಳಿಗೆ ತಿಳಿದದ್ದು ಹತ್ತು ಜನಕ್ಕೂ ತಿಳಿಯುತ್ತದೆ. ಸಂಘ ಕಟ್ಟಿದ ನಿಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

2008ರಿಂದ ಜಗತ್ತಿನಲ್ಲಿ ಫೆಬ್ರವರಿ ತಿಂಗಳ ಕೊನೆಯ ದಿನವನ್ನು ಅಪರೂಪ ಕಾಯಿಲೆಗಳ ದಿನವೆಂದು ಆಚರಿಸುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಬರುವ 29ನೆಯ ತಾರೀಕು ಅಪರೂಪದ್ದೆಂದು ಆ ದಿನವನ್ನು ಆರಿಸಿದರು. ನಾವು ಮಾತ್ರ ಫೆಬ್ರವರಿಯವರೆಗೆ ಕಾಯುವುದು ಬೇಡ. ನಡೆಯಬಲ್ಲ ವರ್ಷಗಳು ಎಣಿಕೆಯಲ್ಲಿರುವ ಮಗುವಿಗೆ ಒಂದೊಂದು ತಿಂಗಳೂ ದೊಡ್ಡದು.

ಆದುದರಿಂದ ಒಂದೇ ಒಂದು ಕೆಲಸವನ್ನು ನಿಮ್ಮ ಕೈಗೆ ಕೊಟ್ಟು ಮಾತು ಮುಗಿಸುತ್ತೇನೆ. ಈ ವಾರ ನಿಮ್ಮ ಲೈನಿನಲ್ಲಿ ನಡೆದು ನೋಡಿ. ಹಬ್ಬದಲ್ಲಿ, ಮದುವೆಯಲ್ಲಿ, ಆರಾಧನೆಯಲ್ಲಿ ಕಾಣದ ಮಗು ಯಾವ ಮನೆಯಲ್ಲಿದೆ? ಆ ಬಾಗಿಲಿಗೆ ಹೋಗಿ. ಕಾಯಿಲೆ ಏನೆಂದು ಕೇಳುತ್ತ ಕೂರಬೇಡಿ. ಆ ಮಗುವಿನ ಹೆಸರು ಕೇಳಿ, ಯಾವ ಹಾಡು ಇಷ್ಟವೆಂದು ಕೇಳಿ. ಅವೆರಡನ್ನೂ ಬರೆದುಕೊಂಡು ಬನ್ನಿ. ಆ ಹಾಡಿನಿಂದಲೇ ನಮ್ಮ ಮೊದಲ ಸುತ್ತು ಪ್ರಾರಂಭವಾಗಲಿ.